ಎರಡು ಗಂಟೆಯೊಳಗಿನ ಫೋನು

ಇಂಗ್ಲೆಂಡಿನ ಶಾಲೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಮಧ್ಯಾಹ್ನದ ಎರಡು ಗಂಟೆಗೆ ವಿಶೇಷ ಬೆಲೆಯಿತ್ತು. ಅಷ್ಟರೊಳಗೆ ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಇಲಾಖೆ ಆಫ್‌ಸ್ಟೆಡ್‌ನಿಂದ ಫೋನು ಬರದಿದ್ದರೆ ನಾಳೆ ಯಾರೂ ಬರುವುದಿಲ್ಲ ಎಂದರ್ಥ. ಬುಧವಾರ ಎರಡು ದಾಟಿತೆಂದರೆ ಇಡೀ ವಾರವೇ ನಿರಾಳ. ಪೂರ್ಣ ತಪಾಸಣೆಗೆ ಎರಡು ದಿನ ಬೇಕು, ಶುಕ್ರವಾರದ ಆಚೆಗೆ ಅದು ಚಾಚುವುದಿಲ್ಲ. ನಮ್ಮ ಶಾಲೆಗೆ ಫೋನು ಬಂದದ್ದು ನವೆಂಬರಿನ ಒಂದು ಬುಧವಾರ, ಹನ್ನೊಂದರ ಸುಮಾರಿಗೆ. ಅಂದರೆ ತಪಾಸಣೆ ಗುರುವಾರ, ಶುಕ್ರವಾರ. ಮುಸ್ಲಿಂ ಶಾಲೆಗೆ ಶುಕ್ರವಾರ ತಪಾಸಣೆ ಬಿದ್ದರೆ ಏನೇನು ತಾಪತ್ರಯ ಎಂಬುದು ಮುಂದೆ ಬರುತ್ತದೆ.

ನಮ್ಮದು ಲ್ಯಾಂಕಾಶೈರ್‌ನ ಹಳೆಯ ಹತ್ತಿಗಿರಣಿ ಊರೊಂದರ ಹೆಣ್ಣುಮಕ್ಕಳ ಪ್ರೌಢಶಾಲೆ. ಹನ್ನೊಂದರಿಂದ ಹದಿನಾರು ವರ್ಷದವರೆಗಿನ ಎಂಟುನೂರರ ಹತ್ತಿರ ಹುಡುಗಿಯರು. ಹೆಚ್ಚಿನವರು ಗುಜರಾತಿನ ಭರೂಚ್ ಕಡೆಯಿಂದಲೋ ಪಾಕಿಸ್ತಾನದಿಂದಲೋ ಎರಡು ತಲೆಮಾರಿನ ಹಿಂದೆ ಬಂದ ಮನೆಗಳವರು. ಕಟ್ಟಿಸಿದ್ದು ಮಸೀದಿಯವರ ಟ್ರಸ್ಟು, ಸಂಬಳ ಸಾರಿಗೆ ಸರ್ಕಾರದ್ದು. ಇಲ್ಲಿ ಇದಕ್ಕೆ ವಾಲಂಟರಿ ಏಡೆಡ್ ಎನ್ನುತ್ತಾರೆ, ಊರಿನ ಅನುದಾನಿತ ಶಾಲೆಯ ತರಹ. ಚರ್ಚಿನ ಶಾಲೆಗಳಿಗೆ, ಯಹೂದಿ ಶಾಲೆಗಳಿಗೆ ಮೊದಲಿಂದಲೂ ಇದ್ದ ಈ ಅನುಕೂಲ ಮುಸ್ಲಿಂ ಶಾಲೆಗೆ ದಕ್ಕಿದ್ದು 1998ರಲ್ಲಿ, ಲಂಡನ್ನಿನ ಇಸ್ಲಾಮಿಯಾ ಪ್ರೈಮರಿ ಮತ್ತು ಬರ್ಮಿಂಗ್‌ಹ್ಯಾಮಿನ ಅಲ್-ಫುರ್ಖಾನ್ ಶಾಲೆಗಳಿಗೆ. ಹೆಣ್ಣುಮಕ್ಕಳ ಪ್ರೌಢಶಾಲೆಯ ಸರದಿ ಬಂದದ್ದು 2001ರಲ್ಲಿ, ಬ್ರಾಡ್‌ಫರ್ಡಿನ ಫೆವರ್‌ಶಮ್ ಕಾಲೇಜಿನಿಂದ. ಬ್ಲ್ಯಾಕ್‌ಬರ್ನಿನ ತೌಹೀದುಲ್ ಇಸ್ಲಾಂ ಹೆಣ್ಣುಮಕ್ಕಳ ಶಾಲೆ 1984ರಲ್ಲಿ ಖಾಸಗಿಯಾಗಿ ಶುರುವಾದದ್ದು, ಅನುದಾನಕ್ಕೆ ಬಂದದ್ದು 2006ರಲ್ಲಿ. ಅನುದಾನ ಬಂತೆಂದರೆ ಆಫ್‌ಸ್ಟೆಡ್ ಕೂಡ ಬಂತು. ಖಾಸಗಿಯಾಗಿಯೇ ಉಳಿದ ಮುಸ್ಲಿಂ ಶಾಲೆಗಳಿಗೂ ತಪಾಸಣೆ ತಪ್ಪುವುದಿಲ್ಲ, ಅವರ ನಿಯಮಗಳ ಪಟ್ಟಿ ಮಾತ್ರ ಬೇರೆ.

ಊರಲ್ಲಿ ಬಿಇಒ ಸಾಹೇಬರು ಬರುತ್ತಾರೆಂದರೆ ಬೀರುವಿನಿಂದ ಚಾರ್ಟುಗಳು ಹೊರಬೀಳುತ್ತವೆ, ನ್ಯಾಕ್ ತಂಡ ಬರುತ್ತದೆಂದರೆ ಕಾಲೇಜಿಗೆ ಸುಣ್ಣಬಣ್ಣ. ಇಲ್ಲಿ ಅದಕ್ಕೆಲ್ಲ ಪುರಸೊತ್ತೇ ಇಲ್ಲ. ಹನ್ನೊಂದಕ್ಕೆ ಫೋನು ಬಂದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ನಾಲ್ಕೈದು ಜನ ಗೇಟಿನಲ್ಲಿರುತ್ತಾರೆ. ಹಾರ, ಶಾಲು, ಸ್ವಾಗತಗೀತೆ ಯಾವುದೂ ಇಲ್ಲ. ಒಂದು ಕೋಣೆ, ಬಾಗಿಲಿಗೆ ಬೀಗ, ವೈಫೈ ಪಾಸ್‌ವರ್ಡ್, ಕುಡಿಯಲು ನೀರು ಮತ್ತು ಚಹಾ ಸಿಕ್ಕರೆ ಅವರಿಗೆ ಸಾಕು.

ಮೊದಲ ಫೋನಿನ ಹಿಂದೆಯೇ ಮುಖ್ಯ ತಪಾಸಕರ ಜೊತೆ ಹೆಡ್‌ಟೀಚರ್‌ಗೆ ಸುಮಾರು ತೊಂಬತ್ತು ನಿಮಿಷದ ಮಾತುಕತೆ ಇರುತ್ತಿತ್ತು. ಅನೇಕರು ಇದನ್ನು ಸೌಜನ್ಯದ ಕರೆ ಎಂದುಕೊಂಡು ಎಡವುತ್ತಾರೆ. ತಪಾಸಣೆ ಶುರುವಾಗುವುದೇ ಇಲ್ಲಿ. ಹಿಂದಿನ ವರದಿಯಲ್ಲಿ ಹೇಳಿದ್ದನ್ನು ಏನು ಮಾಡಿದಿರಿ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಯಾವ ಮಕ್ಕಳು ಹಿಂದುಳಿದಿದ್ದಾರೆ, ಯಾಕೆ? ಹೆಡ್‌ಟೀಚರ್ ಒಬ್ಬರೇ ಕೂರಬಾರದು. ಉಪಮುಖ್ಯಸ್ಥರೊಬ್ಬರು ಪಕ್ಕದಲ್ಲಿ ಕೂತು ಪ್ರತಿ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಬರೆದುಕೊಳ್ಳಬೇಕು. ಮರುದಿನ ಎದುರಾಗುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ಉತ್ತರಗಳಿಂದಲೇ ಹುಟ್ಟುತ್ತವೆ. ಸಡಿಲ ಇರುವಲ್ಲಿ ನಾವೇ ಮೊದಲು ಹೇಳಿಬಿಡುವುದು ಲೇಸು. ಅವರೇ ಕಂಡುಹಿಡಿದರೆ ಅದು ಕೊರತೆ. ನಾವು ಹೇಳಿದರೆ, ಸರಿಪಡಿಸಲು ಮಾಡುತ್ತಿರುವುದನ್ನೂ ತೋರಿಸಿದರೆ, ಅದನ್ನೇ ಅವರು ನಾಯಕತ್ವ ಎಂದು ಬರೆದುಕೊಳ್ಳುತ್ತಾರೆ.

ಆ ಕರೆಯಲ್ಲೇ ನಮಾಜಿನ ಸಮಯ, ಶುಕ್ರವಾರದ ವೇಳಾಪಟ್ಟಿ ಹೇಳಿಬಿಡಬೇಕು. ಬರುವವರಲ್ಲಿ ಗಂಡಸರಿದ್ದರೆ ನಮ್ಮ ಕೆಲವು ಶಿಕ್ಷಕಿಯರು ಕೈ ಕುಲುಕುವುದಿಲ್ಲ, ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳುತ್ತಾರೆ ಎಂಬುದನ್ನೂ. ಒಂದು ವಾಕ್ಯದ ಮಾತು, ಆದರೆ ಮೊದಲೇ ಹೇಳದಿದ್ದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲೇ ಎರಡೂ ಕಡೆಯವರಿಗೆ ಮುಜುಗರ.

ಅತ್ತ ಕಚೇರಿಯಲ್ಲಿ ಇನ್ನೊಂದು ಕೆಲಸ. ಪೋಷಕರಿಗೆ ಪತ್ರ ಹೋಗಬೇಕು, ಅದರಲ್ಲಿ ಪೇರೆಂಟ್ ವ್ಯೂ ಎಂಬ ಆನ್‌ಲೈನ್ ಪ್ರಶ್ನಾವಳಿಯ ಕೊಂಡಿ. ನಮ್ಮಲ್ಲಿ ಬರೀ ಇಮೇಲ್ ಕಳಿಸಿದರೆ ಬೆರಳೆಣಿಕೆಯ ಉತ್ತರ ಬರುತ್ತದೆ. ಅಜ್ಜಿಯರು ಮೊಮ್ಮಕ್ಕಳನ್ನು ಕರೆದೊಯ್ಯಲು ಬರುವ ಶಾಲೆ ಇದು. ಮೂರು ಗಂಟೆಗೆ ಗೇಟಿನಲ್ಲಿ ಗುಜರಾತಿ, ಉರ್ದು ಬಲ್ಲ ಇಬ್ಬರು ಸಿಬ್ಬಂದಿ ಕೊಂಡಿಯ ಕ್ಯೂಆರ್ ಹಾಳೆ ಹಿಡಿದು ನಿಂತರು. ಕಮ್ಮಿ ಜನ ಉತ್ತರಿಸಿದರೆ ಇಬ್ಬರು ಸಿಟ್ಟಾದವರ ಮಾತೇ ಶಾಲೆಯ ಚಿತ್ರವಾಗಿಬಿಡುತ್ತದೆ. ಏನು ಬರೆಯಬೇಕೆಂದು ಹೇಳಿಕೊಡುವುದು ತಪ್ಪು, ಬರೆಯಿರಿ ಎಂದು ಕೇಳುವುದು ತಪ್ಪಲ್ಲ.

ಇನ್ನು ಸಿಂಗಲ್ ಸೆಂಟ್ರಲ್ ರೆಕಾರ್ಡ್. ಎಸ್‌ಸಿಆರ್ ಎಂದೇ ಎಲ್ಲರೂ ಕರೆಯುವುದು. ಶಾಲೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಗುರುತಿನ ದಾಖಲೆ, ಮಕ್ಕಳೊಂದಿಗೆ ಕೆಲಸ ಮಾಡಬಾರದವರ ಪಟ್ಟಿಯ ಪರಿಶೀಲನೆ, ಡಿಬಿಎಸ್ ಎಂಬ ಅಪರಾಧ ಹಿನ್ನೆಲೆ ಪ್ರಮಾಣಪತ್ರ, ಪಾಠ ಹೇಳದಂತೆ ನಿಷೇಧವಿದೆಯೇ ಎಂಬ ತಪಾಸಣೆ, ವಿದ್ಯಾರ್ಹತೆ, ಈ ದೇಶದಲ್ಲಿ ದುಡಿಯುವ ಹಕ್ಕು, ಹೊರದೇಶದಲ್ಲಿ ಇದ್ದವರಾದರೆ ಅಲ್ಲಿನ ಪರಿಶೀಲನೆ ಇರಬೇಕು. ಪ್ರತಿಯೊಂದಕ್ಕೂ ದಿನಾಂಕ. ತಪಾಸಕರು ಮೊದಲ ದಿನವೇ ಇದನ್ನು ತೆರೆಸುತ್ತಾರೆ. ಇದರಲ್ಲಿ ಎಡವಟ್ಟಾಗಿ ಮಕ್ಕಳ ರಕ್ಷಣೆ ಸಾಲದು ಎಂದಾದರೆ ಉಳಿದದ್ದೆಲ್ಲ ಬಂಗಾರವಾಗಿದ್ದರೂ ಆಗಿನ್ನೂ ಇದ್ದ ಒಟ್ಟು ದರ್ಜೆ ನೆಲಕಚ್ಚುವುದು ಹೆಚ್ಚುಕಮ್ಮಿ ಖಾತ್ರಿಯಿತ್ತು.

ಮುಸ್ಲಿಂ ಹೆಣ್ಣುಮಕ್ಕಳ ಶಾಲೆಯಲ್ಲಿ ಎಸ್‌ಸಿಆರ್ ಕೆಡುವುದು ಹೆಸರಿನಿಂದ. ಪಾಸ್‌ಪೋರ್ಟಿನಲ್ಲಿ ಬೀಬಿ, ಪದವಿ ಪತ್ರದಲ್ಲಿ ಬೇಗಂ, ಮದುವೆಯಾದ ಮೇಲೆ ಗಂಡನ ಮನೆತನದ ಹೆಸರು. ಒಬ್ಬರ ಹೆಸರಿನಲ್ಲಿ ಪಟೇಲ್ ಕೊನೆಗೆ, ಅವರ ಅಕ್ಕನ ಹೆಸರಿನಲ್ಲಿ ತಂದೆಯ ಹೆಸರು ಕೊನೆಗೆ. ಒಂದೇ ಆಯಿಷಾಳನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು. ಡಿಬಿಎಸ್ ಅರ್ಜಿಯಲ್ಲಿ ಈವರೆಗೆ ಬಳಸಿದ ಎಲ್ಲ ಹೆಸರುಗಳನ್ನೂ ಕೊಡಬೇಕು ಎಂಬುದು ನಿಯಮ. ತವರಿನ ಹೆಸರನ್ನು ಬಿಟ್ಟು ಅರ್ಜಿ ಹಾಕಿದ್ದರೆ ಆ ಪರಿಶೀಲನೆ ಅರೆಬರೆ. ಇದಕ್ಕೆ ನಾವು ಕಂಡುಕೊಂಡ ದಾರಿ ಸರಳ: ಎಸ್‌ಸಿಆರ್‌ನಲ್ಲಿ ‘ಇತರ ಹೆಸರುಗಳು’ ಎಂಬ ಕಾಲಂ ಒಂದನ್ನು ಸೇರಿಸುವುದು, ನಿಕಾಹ್‌ನಾಮಾ ಆಧಾರದಲ್ಲಿ ಹೆಸರು ಬದಲಾಯಿಸದೆ ಇಲ್ಲಿನ ಕಾನೂನು ಒಪ್ಪುವ ವಿವಾಹ ಪ್ರಮಾಣಪತ್ರವನ್ನೋ ಹೆಸರು ಬದಲಾವಣೆಯ ಕಾನೂನುಪತ್ರವಾದ ಡೀಡ್ ಪೋಲನ್ನೋ ಕೇಳುವುದು. ಇನ್ನೆರಡು ಕಡೆ ಸದಾ ಕಣ್ಣಿಟ್ಟಿರಬೇಕು. ವಾರಕ್ಕೆರಡು ದಿನ ಕುರಾನ್ ಪಠಣ ಕಲಿಸಲು ಬರುವ ಆಪಾ ‘ಅತಿಥಿ’ ಅಲ್ಲ, ನಿಯತವಾಗಿ ಬರುವವರು, ಅವರ ಹೆಸರೂ ಪಟ್ಟಿಯಲ್ಲಿರಬೇಕು. ಆಡಳಿತ ಮಂಡಳಿಯ ಸದಸ್ಯರಿಗೆ, ಶಾಲೆಯ ಆಡಳಿತದಿಂದ ನಿಷೇಧವಿದೆಯೇ ಎಂದು ನೋಡುವ ಸೆಕ್ಷನ್ 128 ಎಂಬ ಬೇರೆ ಪರಿಶೀಲನೆಯಿದೆ. ಮಸೀದಿ ಕಮಿಟಿಯ ಹಿರಿಯರಿಂದ ‘ನನ್ನದೂ ಬೇಕಾ’ ಎಂದು ಕೇಳಿಸಿಕೊಂಡೇ ದಾಖಲೆ ಪಡೆಯಬೇಕಾಗುತ್ತದೆ.

ನಾವು ಒಳಗಾದದ್ದು 2019ರ ಚೌಕಟ್ಟಿನ ತಪಾಸಣೆಗೆ. ಶಿಕ್ಷಣದ ಗುಣಮಟ್ಟ, ನಡತೆ ಮತ್ತು ಮನೋಭಾವ, ವ್ಯಕ್ತಿತ್ವ ವಿಕಾಸ, ನಾಯಕತ್ವ ಮತ್ತು ಆಡಳಿತ ಎಂದು ನಾಲ್ಕು ವಿಭಾಗ, ನಾಲ್ಕು ದರ್ಜೆ. ಮೊದಲನೆಯದನ್ನು ಅಳೆಯುವ ಬಗೆಗೆ ಡೀಪ್ ಡೈವ್ ಎಂದು ಹೆಸರಿತ್ತು. ನಾಲ್ಕರಿಂದ ಆರು ವಿಷಯಗಳನ್ನು ಆರಿಸಿ ತಳಮುಟ್ಟ ಜಾಲಾಡುವುದು. ನಮಗೆ ಗಣಿತ, ವಿಜ್ಞಾನ, ಇತಿಹಾಸ, ಕಲೆ, ಭಾಷೆ ಬಂದವು. ಮೊದಲು ವಿಷಯದ ಮುಖ್ಯಸ್ಥೆಯ ಜೊತೆ ಮಾತು, ಆಮೇಲೆ ಅವರನ್ನು ಜೊತೆಗೆ ಕರೆದುಕೊಂಡೇ ನಾಲ್ಕಾರು ತರಗತಿಗಳಿಗೆ ಭೇಟಿ, ಆಮೇಲೆ ಅದೇ ಹುಡುಗಿಯರ ನೋಟ್‌ಬುಕ್ಕು, ಆಮೇಲೆ ಅದೇ ಹುಡುಗಿಯರ ಜೊತೆ ಮಾತು, ಕೊನೆಗೆ ಶಿಕ್ಷಕಿಯರ ಜೊತೆ. ಈ ಕ್ರಮದಲ್ಲೇ ಅದರ ಜಾಣತನವಿದೆ. ಮುಖ್ಯಸ್ಥೆ ಹೇಳಿದ್ದು, ತರಗತಿಯಲ್ಲಿ ನಡೆದದ್ದು, ನೋಟ್‌ಬುಕ್ಕಿನಲ್ಲಿ ಇರುವುದು, ಹುಡುಗಿಯ ನೆನಪಿನಲ್ಲಿ ಉಳಿದದ್ದು, ಈ ನಾಲ್ಕೂ ಒಂದೇ ಆಗಿರಬೇಕು. ಶಾಲೆಗಳು ದರ್ಜೆ ಕಳೆದುಕೊಳ್ಳುವುದು ಇವುಗಳ ನಡುವಿನ ಸಂದಿಯಲ್ಲಿ.

ವಿಜ್ಞಾನವನ್ನೇ ತೆಗೆದುಕೊಳ್ಳಿ. ಎಂಟನೇ ವರ್ಷದಲ್ಲಿ, ಅಂದರೆ ಹನ್ನೆರಡು ಹದಿಮೂರರ ಹುಡುಗಿಯರ ತರಗತಿಯಲ್ಲಿ, ಲವಣ ತಯಾರಿಸುವ ಪ್ರಯೋಗ. ತಪಾಸಕರು ಕೇಳಿದ್ದು ‘ಇದನ್ನು ಹೇಗೆ ಕಲಿಸುತ್ತೀರಿ’ ಎಂದಲ್ಲ, ‘ಇದನ್ನು ಈಗಲೇ ಯಾಕೆ ಕಲಿಸುತ್ತಿದ್ದೀರಿ, ಏಳನೇ ವರ್ಷದಲ್ಲಿ ಇದಕ್ಕೆ ಬೇಕಾದ ಯಾವುದನ್ನು ಕಲಿತಿದ್ದಾರೆ’ ಎಂದು. ನೋಟ್‌ಬುಕ್ಕು ತರಿಸುವಾಗ ಚೆಂದದ ಕೈಬರಹದವೇ ಬರದಂತೆ ಹೆಸರುಗಳನ್ನು ಅವರೇ ಆರಿಸುತ್ತಾರೆ. ಒಬ್ಬಳು ಮುಂದಿರುವವಳು, ಒಬ್ಬಳು ನಡುವಿನವಳು, ಒಬ್ಬಳು ವಿಶೇಷ ನೆರವು ಪಡೆಯುವವಳು. ಮೂರನೆಯವಳ ಪುಸ್ತಕದಲ್ಲಿ ಬರೀ ಬಣ್ಣ ತುಂಬುವ ಹಾಳೆಗಳಿದ್ದರೆ ಕಥೆ ಮುಗಿಯಿತು. ಕೆಲಸವನ್ನು ಹಗುರ ಮಾಡುವುದಲ್ಲ, ಅದೇ ಕೆಲಸಕ್ಕೆ ಮೆಟ್ಟಿಲು ಹಾಕಿಕೊಡಬೇಕು.

ಬನ್ಸನ್ ಬರ್ನರ್ ಹಚ್ಚುವ ಮೊದಲು ನಮ್ಮ ಪ್ರಯೋಗಾಲಯದಲ್ಲಿ ಒಂದು ಅಭ್ಯಾಸವಿದೆ. ಸ್ಕಾರ್ಫಿನ ಎರಡೂ ತುದಿಗಳನ್ನು ಹಿಂದಕ್ಕೆ ಎಳೆದು ಪಿನ್ನು ಚುಚ್ಚಿ ಬಿಳಿ ಕೋಟಿನೊಳಗೆ ಸೇರಿಸಬೇಕು, ತೋಳು ಮಡಚಬೇಕು. ಜಾರ್ಜೆಟ್, ಪಾಲಿಯೆಸ್ಟರ್ ಸ್ಕಾರ್ಫ್ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಹಾಗಾಗಿ ಪ್ರಯೋಗದ ದಿನ ಹತ್ತಿಯದೇ ಕಡ್ಡಾಯ. ಮರೆತು ಬಂದವರಿಗೆ ಒಂದು ಡಬ್ಬಿಯಲ್ಲಿ ಹತ್ತು ಹನ್ನೆರಡು ಹತ್ತಿ ಸ್ಕಾರ್ಫು ಇಟ್ಟಿರುತ್ತೇವೆ. ಸುಮ್ಮನಿರುವಾಗ ಬರ್ನರಿನ ಗಾಳಿಕಿಂಡಿ ಮುಚ್ಚಿ ಹಳದಿ ಜ್ವಾಲೆ, ಅದು ಕಣ್ಣಿಗೆ ಕಾಣುತ್ತದೆ. ತಪಾಸಕರು ಈ ಡಬ್ಬಿಯ ಮುಂದೆ ಎರಡು ನಿಮಿಷ ನಿಂತರು. ಗೋಡೆಯ ಮೇಲಿನ ಸುರಕ್ಷತಾ ಪೋಸ್ಟರನ್ನು ಅವರು ನೋಡಿದ ಹಾಗೆ ಕಾಣಲಿಲ್ಲ.

ನಮ್ಮಂಥ ಶಾಲೆಗೆ ನಿಜವಾದ ಪರೀಕ್ಷೆ ಮೂರನೇ ವಿಭಾಗವಾದ ವ್ಯಕ್ತಿತ್ವ ವಿಕಾಸದಲ್ಲಿ. 2014ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಶಾಲೆಗಳನ್ನು ಕಟ್ಟರ್ ಮುಸ್ಲಿಮರು ಕೈವಶ ಮಾಡಿಕೊಳ್ಳುತ್ತಿದ್ದಾರೆ ಎಂಬ ಆರೋಪದಿಂದ ಎದ್ದ ‘ಟ್ರೋಜನ್ ಹಾರ್ಸ್’ ಗದ್ದಲದ ನಂತರ ಬ್ರಿಟಿಷ್ ಮೌಲ್ಯಗಳನ್ನು ಎಲ್ಲ ಶಾಲೆಗಳೂ ಬೆಳೆಸಬೇಕೆಂಬ ಮಾತು ಬಿಗಿಯಾಯಿತು. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವ್ಯಕ್ತಿ ಸ್ವಾತಂತ್ರ್ಯ, ಬೇರೆ ನಂಬಿಕೆಯವರ ಬಗ್ಗೆ ಗೌರವ. 2015ರಿಂದ, ಮಕ್ಕಳು ಉಗ್ರವಾದದತ್ತ ಸೆಳೆಯಲ್ಪಡದಂತೆ ತಡೆಯುವ ಪ್ರಿವೆಂಟ್ ಹೊಣೆ ಬಂತು. 2017ರಲ್ಲಿ ಬರ್ಮಿಂಗ್‌ಹ್ಯಾಮಿನ ಅಲ್-ಹಿಜ್ರಾ ಶಾಲೆಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಗಂಡು ಹೆಣ್ಣು ಇಬ್ಬರೂ ಓದುವ ಶಾಲೆಯಲ್ಲಿ ಅವರನ್ನು ಪೂರ್ತಿ ಬೇರೆ ಬೇರೆ ಕೂರಿಸುವುದು ಕಾನೂನುಬಾಹಿರ ಎಂದಿತು. ಒಂದೇ ಲಿಂಗದ ಶಾಲೆಗೆ 2010ರ ಸಮಾನತಾ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಅದೇ ಕಾಯ್ದೆ, ತಾರತಮ್ಯಕ್ಕೆ ಕಾರಣವಾಗಬಾರದ ಒಂಬತ್ತು ರಕ್ಷಿತ ಗುಣಲಕ್ಷಣಗಳನ್ನೂ ಪಟ್ಟಿ ಮಾಡುತ್ತದೆ, ಲೈಂಗಿಕ ಒಲವು ಅವುಗಳಲ್ಲೊಂದು. ಧರ್ಮದ ಶಾಲೆಗಳು ಎಡವುವುದು ಹೆಚ್ಚಾಗಿ ಇಲ್ಲಿ. ಎಂಟನ್ನು ಹೇಳಿ ಒಂಬತ್ತನೆಯದಕ್ಕೆ ಬಾಯಿ ಕಟ್ಟಿದರೆ ತಪಾಸಕರು ಅದನ್ನೇ ಹಿಡಿಯುತ್ತಾರೆ. ನಾವು ಅನುಸರಿಸುವ ದಾರಿ: ನಮ್ಮ ದೀನ್ ಏನು ಹೇಳುತ್ತದೆ ಎಂಬುದನ್ನು ಧರ್ಮದ ತರಗತಿಯಲ್ಲಿ ಬಿಚ್ಚುಮನಸ್ಸಿನಿಂದ, ಈ ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನು ವ್ಯಕ್ತಿ, ಸಮಾಜ, ಆರೋಗ್ಯ ಕುರಿತ ಪಿಎಸ್‌ಎಚ್‌ಇ ತರಗತಿಯಲ್ಲಿ ಅಷ್ಟೇ ಸ್ಪಷ್ಟವಾಗಿ, ಯಾರನ್ನೂ ಹೀಯಾಳಿಸದ ಭಾಷೆಯಲ್ಲಿ. 2020ರಿಂದ ಸಂಬಂಧ ಮತ್ತು ಲೈಂಗಿಕ ಶಿಕ್ಷಣ ಪ್ರೌಢಶಾಲೆಗೆ ಕಡ್ಡಾಯ. ಲೈಂಗಿಕ ಶಿಕ್ಷಣದ ಭಾಗದಿಂದ ಮಗಳನ್ನು ಹೊರಗಿಡಿ ಎಂದು ತಾಯ್ತಂದೆ ಕೇಳಬಹುದು. ಹದಿನಾರು ತುಂಬಲು ಮೂರು ಟರ್ಮ್ ಇರುವಾಗಿನಿಂದ, ಬೇಕೆಂದರೆ ಹುಡುಗಿಯ ಮಾತೇ ನಡೆಯುತ್ತದೆ. ಪಾಠದ ಹಾಳೆಗಳನ್ನೆಲ್ಲ ಒಂದು ಸಂಜೆ ತಾಯಂದಿರ ಮುಂದೆ ಹರಡಿ ಚಹಾ ಕೊಟ್ಟು ತೋರಿಸಿದರೆ ಇಂಥ ಅರ್ಜಿಗಳು ಇಳಿಯುತ್ತವೆ ಎಂಬುದು ನಮ್ಮ ಅನುಭವ. ಜನ ಹೆದರುವುದು ವಾಟ್ಸಾಪಿನಲ್ಲಿ ಓಡಾಡುವ, ನಮ್ಮದಲ್ಲದ ಹಾಳೆಗಳಿಗೆ.

ಹುಡುಗಿಯರಿಗೆ ಉತ್ತರ ಬಾಯಿಪಾಠ ಮಾಡಿಸಲೇಬಾರದು. ಐದು ಜನ ಒಂದೇ ವಾಕ್ಯ ಹೇಳಿದರೆ ಆರನೆಯವಳನ್ನು ಕೇಳುವುದೇ ಬೇಡ. ನಮ್ಮ ಹತ್ತನೇ ವರ್ಷದ ಗುಂಪಿನಲ್ಲಿ ‘ಸಲಿಂಗಿ ಗೆಳತಿಯೊಬ್ಬಳು ಈ ಶಾಲೆಯಲ್ಲಿದ್ದರೆ?’ ಎಂಬ ಪ್ರಶ್ನೆಗೆ ಒಬ್ಬಳು ‘ನನ್ನ ನಂಬಿಕೆ ನನ್ನದು, ಆದರೆ ಅವಳನ್ನು ಯಾರಾದರೂ ಚುಡಾಯಿಸಿದರೆ ಮಿಸ್ ಹತ್ತಿರ ಹೋಗುವವಳು ನಾನೇ’ ಎಂದಳಂತೆ. ಇನ್ನೊಬ್ಬಳು ‘ಈ ಬಗ್ಗೆ ಮನೆಯಲ್ಲಿ ಮಾತಾಡುವುದು ಕಷ್ಟ’ ಎಂದಳು. ಎರಡನ್ನೂ ತಪಾಸಕರು ಕೊನೆಯ ಸಭೆಯಲ್ಲಿ ಎತ್ತಿ ಹೇಳಿದರು. ಹೊಳಪು ಹಾಕಿದ ಉತ್ತರಕ್ಕಿಂತ ಈ ಎರಡನೆಯದೇ ನಮಗೆ ಹೆಚ್ಚು ಕೆಲಸಕ್ಕೆ ಬಂತು.

2021ರ ಜೂನ್‌ನಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಆಫ್‌ಸ್ಟೆಡ್ ಕೊಟ್ಟ ವರದಿಯ ನಂತರ ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎನ್ನುವುದೇ ತಪ್ಪು ಉತ್ತರವಾಗಿದೆ. ದೂರು ಬರದಿದ್ದರೂ ನಡೆಯುತ್ತಿರಬಹುದು ಎಂದೇ ಶಾಲೆ ನಡೆದುಕೊಳ್ಳಬೇಕು. ಹೆಣ್ಣುಮಕ್ಕಳ ಶಾಲೆಯಲ್ಲಿ ಅದು ಬಸ್ಸಿನಲ್ಲಿ, ಫೋನಿನಲ್ಲಿ, ಸ್ಕಾರ್ಫ್ ಎಳೆಯುವ ಬೀದಿ ಪುಂಡರಿಂದ ಆಗುತ್ತದೆ, ದಾಖಲೆಯಲ್ಲಿ ಅದೂ ಇರಬೇಕು. ಬಲವಂತದ ಮದುವೆಯ ಪ್ರಶ್ನೆ ಪ್ರತಿ ಶಿಕ್ಷಕಿಗೂ, ಅಡುಗೆಯವರಿಗೂ ಬರುತ್ತದೆ. 2023ರ ಫೆಬ್ರವರಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದುವೆಯ ವಯಸ್ಸು 18. ಬೇಸಿಗೆ ರಜೆಯ ಮುಂಚೆ ‘ಅಜ್ಜಿಗೆ ಹುಷಾರಿಲ್ಲ, ಊರಿಗೆ ಹೋಗುತ್ತಿದ್ದೇವೆ’ ಎಂಬ ಚೀಟಿ ಬಂದರೆ ಯಾರಿಗೆ ಹೇಳುತ್ತೀರಿ? ಉತ್ತರವಾಗಿ ಒಂದು ಹೆಸರು ಬರಬೇಕು, ಆ ಕ್ಷಣಕ್ಕೇ ಬರಬೇಕು.

ಈಗ ಶುಕ್ರವಾರ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಒಂದು ಗಂಟೆಯ ಸುಮಾರಿಗೆ ಬರುತ್ತಿದ್ದ ಜುಹರ್, ಅಂದರೆ ಮಧ್ಯಾಹ್ನದ ನಮಾಜ್, ಏಕಾಏಕಿ ಹನ್ನೆರಡಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮ ಊಟದ ಬಿಡುವಿನ ವೇಳಾಪಟ್ಟಿ ವರ್ಷಕ್ಕೆರಡು ಸಲ ಬದಲಾಗುತ್ತದೆ, ಮೊದಲ ವಾರಗಳಲ್ಲಿ ಗೊಂದಲ ಸಹಜ. ಎಂಟುನೂರು ಹುಡುಗಿಯರು ಇಪ್ಪತ್ತು ನಲ್ಲಿಗಳಲ್ಲಿ ವುಜೂ, ಅಂದರೆ ನಮಾಜಿಗೆ ಮುಂಚಿನ ಕೈಕಾಲು ಮುಖ ತೊಳೆಯುವ ವಿಧಿ, ಮಾಡಿ ಹಾಲಿನಲ್ಲಿ ಸಾಲು ನಿಲ್ಲಬೇಕು. ಒಬ್ಬೊಬ್ಬಳಿಗೆ ಒಂದೂವರೆ ನಿಮಿಷ ಹಿಡಿದರೂ ಸುಮಾರು ಒಂದು ಗಂಟೆ! ಹಾಗಾಗಿ ಎರಡು ಜಮಾಅತ್ (ಸಾಮೂಹಿಕ ನಮಾಜ್), ವರ್ಷದ ಪ್ರಕಾರ ಸರದಿ, ಸಾಧ್ಯವಾದವರು ಬೆಳಿಗ್ಗೆಯ ಬಿಡುವಿನಲ್ಲೇ ವುಜೂ ಮುಗಿಸಿರಬೇಕು. ಒದ್ದೆ ನೆಲಕ್ಕೆ ರಬ್ಬರ್ ಮ್ಯಾಟು, ಕೊನೆಯಲ್ಲಿ ಒರೆಸುಕೋಲು ಹಿಡಿದ ಒಬ್ಬರು. ತಪಾಸಣೆಗೆ ಮುಖ್ಯವಾದದ್ದು ಇದರ ಆಮೇಲಿನದು, ಮಧ್ಯಾಹ್ನದ ಹಾಜರಿ. ನಮಾಜ್ ಮುಗಿಸಿ ಮೂರು ನಿಮಿಷ ತಡವಾಗಿ ಬಂದವಳಿಗೆ ತಡವೆಂದು ಗುರುತು ಹಾಕಬೇಕೇ? ನಾವು ಹಾಕುತ್ತೇವೆ, ಮತ್ತು ವೇಳಾಪಟ್ಟಿ ತಪ್ಪಿದ್ದರೆ ವೇಳಾಪಟ್ಟಿಯನ್ನು ತಿದ್ದುತ್ತೇವೆ. ಹುಡುಗಿಯರು ಮಾತಿಲ್ಲದೆ ಸಾಲಾಗಿ ತಿರುಗಿ ತರಗತಿಗೆ ಹೋಗುವುದನ್ನು ತಪಾಸಕರಿಬ್ಬರು ಕಾರಿಡಾರಿನ ಗೋಡೆಗೆ ಒರಗಿ ನಿಂತು ನೋಡಿದರು. ನಡತೆಯ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಕಡತದಲ್ಲಿ ಇರಲಿಲ್ಲ.

ಆಡಳಿತ ಮಂಡಳಿಯ ಜೊತೆ ತಪಾಸಕರ ಸಭೆ ಚಿಕ್ಕದು. ‘ಎಲ್ಲ ಚೆನ್ನಾಗಿದೆ, ಅಲ್ಹಮ್ದುಲಿಲ್ಲಾಹ್’ ಎಂದರೆ ಸಾಲದು. ಹೆಡ್‌ಟೀಚರ್‌ಗೆ ನೀವು ಕೇಳಿದ ಕಠಿಣ ಪ್ರಶ್ನೆ ಯಾವುದು, ಅದು ನಡಾವಳಿಯಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ.

ಶುಕ್ರವಾರ ಸಂಜೆ ನಾಲ್ಕಕ್ಕೆ ಕತ್ತಲು. ಒಂದು ಕೋಣೆಯಲ್ಲಿ ತಪಾಸಕರು, ಹೆಡ್‌ಟೀಚರ್, ಮಂಡಳಿಯ ಅಧ್ಯಕ್ಷರು, ಕೌನ್ಸಿಲ್ಲಿನ ಒಬ್ಬರು. ಪ್ರತಿ ವಿಭಾಗಕ್ಕೂ ದರ್ಜೆ ಓದಲಾಯಿತು: ನಾಲ್ಕಕ್ಕೆ ನಾಲ್ಕೂ ಔಟ್‌ಸ್ಟ್ಯಾಂಡಿಂಗ್, ಎಲ್ಲಕ್ಕಿಂತ ಮೇಲಿನ ದರ್ಜೆ. ಆ ಚೌಕಟ್ಟಿನಲ್ಲಿ ಇದು ಸುಲಭದ್ದಲ್ಲ. ‘ಗುಡ್’ ದರ್ಜೆಯ ಎಲ್ಲ ಅಂಶಗಳನ್ನೂ ಒಂದೂ ಬಿಡದೆ ದಾಟಿ, ಅದರ ಮೇಲೆ ಹೆಚ್ಚಿನವನ್ನೂ ತೋರಿಸಬೇಕಿತ್ತು.

ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕಾದ ಕಾಲ. ಫಲಿತಾಂಶ ತಾತ್ಕಾಲಿಕ; ಗುಣಮಟ್ಟದ ಮರುಪರಿಶೀಲನೆ ಮುಗಿದು ಕರಡು ಬರಬೇಕು, ತಪ್ಪು ತೋರಿಸಲು ಐದು ಕೆಲಸದ ದಿನ, ಆಮೇಲೆ ಅಂತಿಮ ವರದಿ. ಎಲ್ಲ ಸೇರಿ ಆರು ವಾರದ ಹತ್ತಿರ. ಅಷ್ಟು ದಿನ ಪೋಷಕರಿಗೂ ಪತ್ರಿಕೆಗೂ ಏನೂ ಹೇಳುವಂತಿಲ್ಲ. ಸಿಬ್ಬಂದಿಯಲ್ಲಿ ಒಬ್ಬರ ನಗುಮುಖ ಕಂಡು ಊರೇ ಊಹಿಸುತ್ತದೆ, ಅದಕ್ಕೆ ಮದ್ದಿಲ್ಲ. ಕರಡನ್ನು ಮೂವರು ಬೇರೆ ಬೇರೆ ಕೂತು ಓದಬೇಕು. ಒಬ್ಬರು ಬರೀ ಅಂಕಿಸಂಖ್ಯೆ, ಒಬ್ಬರು ಹೆಸರು ಮತ್ತು ಧಾರ್ಮಿಕ ಪದಗಳ ಕಾಗುಣಿತ, ಒಬ್ಬರು ಶಾಲೆಯ ಬಗೆ, ವಯೋಮಿತಿ, ವಿಳಾಸ. ದರ್ಜೆಯ ಬಗ್ಗೆ ವಾದ ಮಾಡುವ ಜಾಗ ಇದಲ್ಲ, ಸಂಗತಿ ತಿದ್ದುವುದಷ್ಟೆ.

ಅಂತಿಮ ಪ್ರತಿ ಕೈಸೇರಿದ ಐದು ಕೆಲಸದ ದಿನಗಳಲ್ಲಿ ಪೋಷಕರಿಗೆ ತಲುಪಿಸಬೇಕು. ಸಂಭ್ರಮವನ್ನು ಅದೇ ದಿನಕ್ಕೆ ಕೂಡಿಸಿದೆವು. ಬೆಳಿಗ್ಗೆ ಸಭೆ, ಸೂರಾ ಪಠಣ, ವರದಿಯಿಂದ ನಾಲ್ಕು ಸಾಲು, ದುಆ. ಆಮೇಲೆ ಸಿಹಿ, ತಲೆನೋವು ಶುರುವಾದದ್ದು ಇದರಲ್ಲಿ. ಪೋಷಕರೊಬ್ಬರು ಪಿಸ್ತಾ ಬರ್ಫಿ ಕೊಡಿಸುತ್ತೇನೆ ಎಂದು ಮುಂದೆ ಬಂದರು. ಶಾಲೆಯಲ್ಲಿ ಬೀಜದ ಅಲರ್ಜಿಯ ಹುಡುಗಿಯರಿದ್ದಾರೆ. ಬೇಸನ್ ಲಾಡು ತರೋಣವೆಂದರೆ ಮಿಠಾಯಿ ಅಂಗಡಿಯಲ್ಲಿ ಎಲ್ಲವೂ ಒಂದೇ ಬಾಣಲೆ, ಒಂದೇ ತಟ್ಟೆ. 2021ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಕಟ್ಟಿ ಮಾರುವ ತಿನಿಸಿನ ಮೇಲೂ ಪೂರ್ತಿ ಸಾಮಗ್ರಿ ಬರೆದು, 14 ಅಲರ್ಜಿ ಪದಾರ್ಥಗಳನ್ನು ಎದ್ದು ಕಾಣಿಸಬೇಕು. ಅಂಗಡಿಯವರ ಚೀಟಿಯಲ್ಲಿ ‘ಬೀಜ ಇರಬಹುದು’ ಎಂದೇ ಇತ್ತು. ಅಂಗಡಿಯ ಜೆಲ್ಲಿ ಮಿಠಾಯಿ ತರೋಣವೆಂದರೆ ಜೆಲಟಿನ್ ಹಂದಿಯದೋ ದನದ್ದೋ ಎಂಬ ಪ್ರಶ್ನೆ. ಕೊನೆಗೆ ಜೆಲಟಿನ್ ಇಲ್ಲದ, ಬೀಜ ಮುಟ್ಟದ ಕಾರ್ಖಾನೆಯ, ಒಂದೊಂದಾಗಿ ಸೀಲು ಮಾಡಿದ ಪೊಟ್ಟಣಗಳನ್ನು ಒಂಬೈನೂರು ತರಿಸಿದೆವು. ಬರ್ಫಿ ಸಿಬ್ಬಂದಿ ಕೋಣೆಗೆ ಹೋಯಿತು, ಬಾಗಿಲು ಹಾಕಿಕೊಂಡು.

ದರ್ಜೆ ಸಾರಲು ಬೇಲಿಗೆ ಕಟ್ಟಿದ ಬ್ಯಾನರ್ ಮೂರು ಮೀಟರ್ ಉದ್ದ, ಒಂದು ಮೀಟರ್ ಎತ್ತರ. ನಮ್ಮದು ಗುಡ್ಡದ ನೆತ್ತಿಯ ಶಾಲೆ. ಗಟ್ಟಿ ವಿನೈಲ್ ಹಾಕಿದರೆ ಗಾಳಿಗೆ ಹಾಯಿಯಂತೆ ಉಬ್ಬಿ ಮೂಲೆಯ ಕಣ್ಣುಗಳು ಹರಿಯುತ್ತವೆ. ಬಲೆಯಂಥ ರಂಧ್ರವಿರುವ ಬಟ್ಟೆ, ಅರ್ಧ ಮೀಟರಿಗೊಂದು ಲೋಹದ ಕಣ್ಣು, ಪ್ಲಾಸ್ಟಿಕ್ ಪಟ್ಟಿಯಿಂದ ಬೇಲಿಗೆ ಕಟ್ಟು. ‘ಔಟ್‌ಸ್ಟ್ಯಾಂಡಿಂಗ್’ ಎಂಬ ಒಂದೇ ಪದ ಬರೆಸುವ ಕಾಲ ಅದೇ ಕೊನೆಯದಾಯಿತು. ರೀಡಿಂಗ್ ಊರಿನಲ್ಲಿ ತಪಾಸಣೆಯ ಬೆನ್ನಿಗೆ ಹೆಡ್‌ಟೀಚರೊಬ್ಬರ ಸಾವು ಎಬ್ಬಿಸಿದ ಪ್ರಶ್ನೆಗಳ ನಂತರ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟು ದರ್ಜೆ ರದ್ದಾಯಿತು, ಫೋನೂ ಸೋಮವಾರಕ್ಕೆ ಬಂತು. 2025ರ ನವೆಂಬರ್‌ನಿಂದ ಐದು ಹಂತದ ವರದಿ ಕಾರ್ಡು, ಡೀಪ್ ಡೈವ್ ಇಲ್ಲ. ಎಸ್‌ಸಿಆರ್ ಮಾತ್ರ ಎಲ್ಲಿಗೂ ಹೋಗಿಲ್ಲ.

ಬ್ಯಾನರ್ ಕಟ್ಟಿದ ವಾರವೇ ಕಚೇರಿಯಲ್ಲಿ ಇನ್ನೊಂದು ಕಡತ ತೆರೆಯಿತು. ನಮ್ಮಂಥ ಅನುದಾನಿತ ಧಾರ್ಮಿಕ ಶಾಲೆಯಲ್ಲಿ ದೀನಿ ಶಿಕ್ಷಣವನ್ನು, ಸಾಮೂಹಿಕ ಪ್ರಾರ್ಥನೆಯನ್ನು ಆಫ್‌ಸ್ಟೆಡ್ ತೂಗುವುದಿಲ್ಲ. ಅದಕ್ಕೆ ಸೆಕ್ಷನ್ 48 ಎಂಬ ಪ್ರತ್ಯೇಕ ತಪಾಸಣೆ ಇದೆ, ಅದರ ಸರದಿಯೂ ಹತ್ತಿರವಿತ್ತು. ಕಡತದ ಮೊದಲ ಹಾಳೆಯಲ್ಲಿ ಕುರಾನ್ ಕಲಿಸುವ ಆಪಾರ ಹೆಸರು, ಅದರ ಪಕ್ಕದಲ್ಲಿ ಅವರ ತವರಿನ ಹೆಸರು.